ಮಾಫಿ ನುಡಿ ಬಿಟ್ಟ ಮೇಲೆ

ಲಿಂಗಸುಗೂರು
೧೨ ಜನವರಿ ೨೦೨೫

ಪ್ರೀತಿಯ ವಸೀಮಾ,

‘ಒಂದೇ ತಾಳಕ್ಕೆ ಎತ್ತಿದ ಕಾಲುಗಳು ಬೇರೆ ದಾರಿ ಹಿಡಿಯುವುದಿಲ್ಲ.’ ಹೀಗೇನೋ ಒಂದು ಸಾಲಿತ್ತು. ಕಲಬುರಗಿಯಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಗೋಡೆಗೆ ನಾವಿಬ್ಬರೂ ಬರೆದು ಅಂಟಿಸಿದ್ದೆವು. ಯಾರ ಸಾಲು, ಹಿಂದೆ ಮುಂದೆ ಏನಿತ್ತು, ಒಂದೂ ನೆನಪಿಲ್ಲ. ನಿನ್ನೆ ಕಾಲೇಜಿನಿಂದ ಬಂದು ಚಹಾಕ್ಕಿಟ್ಟಾಗ ತಾನಾಗಿ ಬಂತು. ಬಂದ ಕೂಡಲೇ ಅನುಮಾನವೂ ಬಂತು. ನಿಜವಾಗಿ ಹಿಡಿಯುವುದಿಲ್ಲವೇ? ತಾಳ ನಿಂತ ಮೇಲೆ ಎಲ್ಲರೂ ಚಪ್ಪಲಿ ಹುಡುಕಿಕೊಂಡು ತಮ್ಮ ತಮ್ಮ ಓಣಿಗೇ ತಾನೇ ಹೋಗುವುದು?

ನೀನು ಬಾರದ ಭಾನುವಾರದ ಸುದ್ದಿ ಹೇಳುತ್ತೇನೆ. ನಿನ್ನ ಸಿಂಧನೂರಿಗೂ ನನ್ನ ಲಿಂಗಸುಗೂರಿಗೂ ನಡುವೆ ಬೀಳುತ್ತದೆಂದು ಮೇಳದ ತಾಲೀಮಿಗೆ ಮಸ್ಕಿಯನ್ನು ಆರಿಸಿಕೊಂಡೆವು. ಈಗ ಆ ನಡುವಿನ ಊರಿಗೂ ಹೋಗಿಬರಲು ಮೈ ಕೇಳುವುದಿಲ್ಲ. ಆದರೂ ಹೋದೆ. ಹುಡುಗರು ಬಂದಿದ್ದರು. ಕರ್ಬಲಾ ಯುದ್ಧದ ಕಥೆ ಹೇಳುವ ಮೊಹರಮ್ಮಿನ ರಿವಾಯತ್ ಪದ ಕಲಿಯಲು ಕ್ರಿಕೆಟ್ ಬಿಟ್ಟು ಬರುತ್ತಾರೆಂದರೆ ನನಗೆ ಇನ್ನೂ ನಂಬಿಕೆ ಬರುವುದಿಲ್ಲ.

ನಿನ್ನ ಅಕ್ಕ ತೀರಿಕೊಂಡ ಮೇಲೆ ನೀನೇ ಬೆಳೆಸಿದ ಜಾಹೀದ್ ಈಗ ಹುಸೇನರ ಕಡೆಯ ಪದಗಳನ್ನು ಪೂರ್ತಿ ಕಲಿತಿದ್ದಾನೆ. ಎದುರು ಸಾಲಿನಲ್ಲಿ ವೈರಿಯ ಸೇನಾಪತಿಯಾಗಿ ಪವನ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ದಿನವಿಡೀ ತಲೆ ಬಗ್ಗಿಸಿ ಕೂಡುವ ಆ ಹುಡುಗ ಪದಕ್ಕೆ ನಿಂತಾಗ ಮಾತ್ರ ತಲೆ ಎತ್ತುತ್ತಾನೆ. ಮೊನ್ನೆ ಜಾಹೀದನಿಗೆ ನೆಗಡಿ. ಪವನ ಕಾಡಿಸುತ್ತಿದ್ದ: “ಲೇ, ಹಿಂಗ ಕೆಮ್ಮಿಕೋಂತ ಹಾಡಿದ್ರ ನಾ ಯುದ್ಧಾನ ಮಾಡಂಗಿಲ್ಲ ನೋಡು, ಹಂಗ ಗೆದ್ದುಬಿಡ್ತೀನಿ.”

“ನೀ ಗೆದ್ರೂ ಸೋತವನ ಲೇ. ಸಾವಿರ ವರ್ಷದಿಂದ ಸೋಲಾಕತ್ತಿ,” ಎಂದ ನಿನ್ನ ಹುಡುಗ. ಪದ ಕಲಿಸುವ ಪಕೀರಪ್ಪ ಬಾರಿಸುತ್ತಿದ್ದ ದಮ್ಮಡಿ ಕೆಳಗಿಟ್ಟು ನಕ್ಕ.

ಇದೇ ಪವನ ಎರಡು ವರ್ಷದ ಹಿಂದೆ ಬೈಕಿನ ಹಿಂದೆ ಬಾವುಟ ಹಿಡಿದು, ನಿಮ್ಮ ಓಣಿಯ ಮುಂದೆ ಬೇಕೆಂದೇ ಕೂಗುತ್ತ ಹೋಗುತ್ತಿದ್ದ. ಡಿಗ್ರಿಯಲ್ಲಿ ಜತೆಗಿದ್ದ ಜಾಹೀದ್ ಕೈಹಿಡಿದು ಎಳೆತರದಿದ್ದರೆ ನಮಗೆ ಸಿಗುತ್ತಲೇ ಇರಲಿಲ್ಲ. ಹೇಳಿಬಿಡುತ್ತೇನೆ. ಈ ತಾಲೀಮಿಗೆ ಹಣ ಕೊಡುವ ಸರ್ಕಾರದವರು ಕೇಳುವ ವರದಿಯಲ್ಲಿ ನಾನು ಏನೇ ಬರೆಯಲಿ, ನನ್ನ ಲೆಕ್ಕ ಈ ಒಬ್ಬನದೇ. ಪವನ ಉಳಿದರೆ ಈ ಕೆಲಸಕ್ಕೆ ಅರ್ಥವಿದೆ. ಅವನು ವಾಪಸು ಆ ಬೈಕಿನವರ ಕಡೆ ಹೋದರೆ ನಾನು ಮಸ್ಕಿಯ ಬಸ್ಸು ಹತ್ತುವುದಿಲ್ಲ.

ಫೆಬ್ರವರಿಯಲ್ಲಿ ಇಲ್ಲಿ ಯುವಜನೋತ್ಸವವಿದೆ. ನಮಗೆ ಸಿಗುವುದು ಹತ್ತೇ ನಿಮಿಷ. ವೈರಿಯ ಪದ ಹಾಡುವವನು ಮೊದಲು ತಲೆಯ ರುಮಾಲು ತೆಗೆದು, ಎದುರು ಸಾಲಿಗೆ ಕೈಮುಗಿದು, ‘ನಾಲಿಗಿ ನನ್ನದು, ನುಡಿ ನನ್ನದಲ್ಲ, ಮಾಫಿ ಮಾಡ್ರಿ’ ಎಂದು ಹಾಡಬೇಕೆಂಬುದು ಪಕೀರಪ್ಪನ ಗುರುಗಳ ಕಾಲದಿಂದ ಬಂದ ರೂಢಿಯಲ್ಲವೇ? ಆ ಮಾಫಿ ನುಡಿ ಬಲು ನಿಧಾನ. ಅದನ್ನು ಬಿಟ್ಟರೆ ಉಳಿದದ್ದು ಹತ್ತು ನಿಮಿಷದಲ್ಲಿ ಕೂಡುತ್ತದೆ. ಪಕೀರಪ್ಪನನ್ನು ಕೇಳಿದೆ. “ಬಿಡ್ರಿ ಅಕ್ಕಾರ. ಮೊಹರಮ್ ದಿನ ಅಲಾಯಿ ಕುಣಿ ಬೆಂಕಿ ಮುಂದ ಬಿಡಬಾರದು. ಸ್ಟೇಜ್ ಮ್ಯಾಲ ಏನಾಕ್ಕೈತಿ? ಒಂದು ಸರ್ಟಿಫಿಕೇಟ್ ಸಿಕ್ರ ನನ್ನ ಕಲಾವಿದರ ಮಾಸಾಶನಕ್ಕ ಅನುಕೂಲ,” ಎಂದ. ನೀನೇನನ್ನುತ್ತೀ?

ನಿನ್ನ,
ಯಶೋಧರಾ

*

ಸಿಂಧನೂರು
೨೯ ಜನವರಿ ೨೦೨೫

ಯಶೋ,

ನಿನಗೆ ಗೋಡೆಯ ಸಾಲು ನೆನಪಾಗುತ್ತದೆ, ನನಗೆ ಆ ಗೋಡೆಯ ತೇವ. ನಾವು ಅಂಟಿಸಿದ್ದೆಲ್ಲ ವಾರದೊಳಗೆ ಕಳಚಿ ಬೀಳುತ್ತಿತ್ತು.

ತಡವಾಗಿ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೆಳಿಗ್ಗೆ ಸಂಜೆ ವಿಶೇಷ ತರಗತಿ. ಮನೆಗೆ ಬಂದರೆ ಮಾತಾಡಲು ದವಡೆ ಏಳುವುದಿಲ್ಲ. ವಾಟ್ಸಾಪ್ ತೆಗೆದುಹಾಕಿದ್ದೇನೆ. ಸ್ಟಾಫ್ ಗುಂಪಿನಲ್ಲಿ ಬೆಳಗಿನ ಶುಭಾಶಯದ ಹೂವಿನ ಕೆಳಗೇ ನಮ್ಮ ಜನದ ಬಗ್ಗೆ ಏನೇನೋ ಬರುತ್ತಿತ್ತು. ಓದಿಯೂ ಓದದವಳಂತೆ ಇರುವುದು ಸಾಕಾಯಿತು. ನಿನ್ನ ಕಾಗದವೇ ಆಗಬಹುದು.

ಜಾಹೀದ್ ಆರಾಮ. ಸಂಜೆ ಮನೆಯಲ್ಲಿ ಕಡಿಮೆ ಇರುತ್ತಾನೆ. ಎಲ್ಲಿದ್ದೆ ಎಂದು ಕೇಳಿದರೆ “ಇಲ್ಲೇ ಖಾಲಾ” ಅನ್ನುತ್ತಾನೆ. ಓಣಿಗೆ ಹೊಸದಾಗಿ ಬಂದ ಕೆಲವರು ಅವನನ್ನು ಕೂಡಿಸಿಕೊಂಡು, ಈ ಕುಣಿತ ನಮ್ಮದಲ್ಲ, ಇದನ್ನು ಬಿಡು ಎಂದು ಹೇಳುತ್ತಿದ್ದಾರಂತೆ. ನಿನ್ನ ಪವನನಿಗೆ ಮಸ್ಕಿಯಲ್ಲಿ ಇನ್ನೊಬ್ಬರು, ಅದು ಅವರದು, ನಿನಗ್ಯಾಕೆ ಅನ್ನುತ್ತಿರಬಹುದು. ಇಬ್ಬರೂ ಬಿಟ್ಟರೆ ಯಾರದ್ದು ಅದು? ಹೋಗಲಿ ಬಿಡು. ನಮ್ಮ ಹುಡುಗ ಅಂಥವನಲ್ಲ.

ಪಕ್ಕದ ಮನೆಯ ಅಮರಮ್ಮ ಮಾತ್ರ ಬಹಳ ಖುಷಿಯಲ್ಲಿದ್ದಾಳೆ. “ನಮ್ಮ ಜಾಹೀದ ಸ್ಟೇಜ್ ಹತ್ತ್ಯಾನಂದ್ರ ನಾನೂ ಬರಾಕಿ,” ಎಂದು ಹೊಸ ಸೀರೆಗೆ ಫಾಲ್ ಹಚ್ಚಿಸಿದ್ದಾಳೆ. ನಾನು ಶಾಲೆಗೆ ಹೋದ ಮೇಲೆ ಅವನ ಊಟ ತಿಂಡಿ ನೋಡಿದವಳು ಅವಳೇ. ಅವನ ಮೇಲೆ ನನಗಿಂತ ಅವಳ ಹಕ್ಕು ಹೆಚ್ಚು.

ಮಾಫಿ ನುಡಿಯ ವಿಷಯ ಪಕೀರಪ್ಪನೇ ಒಪ್ಪಿದ ಮೇಲೆ ನಾನ್ಯಾರು? ಸ್ಟೇಜಿಗೆ ಸ್ಟೇಜಿನ ರೀತಿ.

ವಸೀಮಾ

*

ಲಿಂಗಸುಗೂರು
೧೬ ಫೆಬ್ರವರಿ ೨೦೨೫

ಪ್ರೀತಿಯ ವಸೀಮಾ,

ನೀನು ಪರೀಕ್ಷೆಯ ಕೆಲಸ ಬಿಟ್ಟು ಬರಲಾಗಲಿಲ್ಲವಲ್ಲ, ಅದೊಂದೇ ಕೊರತೆ. ಎರಡನೇ ಸ್ಥಾನ ಬಂತು. ಮೊದಲನೆಯದು ಸಿನಿಮಾ ಹಾಡಿಗೆ ಕುಣಿದವರಿಗೆ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಪವನ ಎದೆ ಸೆಟೆಸಿ, ‘ನನ್ನ ಕುದುರಿ ಕಾಲಾಗ ನಿಮ್ಮ ಡೇರೇವು ಧೂಳಾಗಲಿ’ ಎಂದು ಎತ್ತಿಕೊಂಡಾಗ ಹಿಂದಿನ ಸಾಲಿನಲ್ಲಿ ಸಿಳ್ಳೆ. ಕತ್ತಿಯ ಹಾಗೆ ಕೈ ಬೀಸಿದ. ಅವನಲ್ಲಿ ಅಷ್ಟು ಧ್ವನಿ ಇದೆಯೆಂದು ನನಗೂ ಗೊತ್ತಿರಲಿಲ್ಲ. ಜಾಹೀದ್ ಜವಾಬು ಕೊಟ್ಟಾಗ ಸಭೆ ತೆಪ್ಪಗಾಯಿತು. ನಿನ್ನ ಅಮರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಈ ಸೇನಾಪತಿ ಹುಡುಗನ ಮಾರಿ ನೋಡಿದ್ರ ಎರಡು ಬಿಗೀಬೇಕು ಅನಸ್ತೈತಿ ನೋಡ್ರಿ,” ಎಂದಳು. ಪವನನಿಗೆ ಹೇಳಿದೆ. ಬಹುಮಾನ ಸಿಕ್ಕವನಂತೆ ನಾಚಿಕೊಂಡ.

ಆಮೇಲೆ ಹುಡುಗರೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ತಿಂದರು. ಪವನನ ತಟ್ಟೆಯಿಂದ ಜಾಹೀದ್, ಜಾಹೀದನ ತಟ್ಟೆಯಿಂದ ಪವನ. ನಾನು ದೂರ ನಿಂತು ನೋಡಿದೆ. ಗೋಡೆಯ ಆ ಸಾಲಿನ ಮೇಲಿನ ಅನುಮಾನವನ್ನು ಒಂದು ಸಂಜೆಯ ಮಟ್ಟಿಗೆ ವಾಪಸು ಪಡೆದೆ.

ಎರಡು ದಿನದಿಂದ ಪವನನ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿದೆಯಂತೆ. ಎಲ್ಲಿಯವರೋ, ಯಾರ್ಯಾರೋ. ಪದ ಹಾಡಿದ ಹುಡುಗನಿಗೆ ಇಷ್ಟು ಮಂದಿ ಫೋನು ಮಾಡುತ್ತಾರೆಂದರೆ ಕಾಲ ಅಷ್ಟೇನೂ ಕೆಟ್ಟಿಲ್ಲ.

ನಿನ್ನ,
ಯಶೋಧರಾ

*

ಸಿಂಧನೂರು
೯ ಮಾರ್ಚ್ ೨೦೨೫

ಯಶೋಧರಾ,

ಎಲ್ಲರ ಫೋನಿನಲ್ಲಿ ಹರಿದಾಡುತ್ತಿರುವ ಆ ವಿಡಿಯೋ ನೋಡದೆ ನೀನು ಆ ಕಾಗದ ಬರೆದಿದ್ದೀ ಎಂದುಕೊಳ್ಳುತ್ತೇನೆ. ಈಗ ನೋಡಿರಬಹುದು.

ಅರ್ಧ ನಿಮಿಷ ಇದೆ. ಪವನ ಒಬ್ಬನೇ ಕಾಣುತ್ತಾನೆ. ಡೇರೆ ಧೂಳಾಗಲಿ, ವಂಶ ಮಣ್ಣಾಗಲಿ. ಹುಸೇನರ ಹೆಸರು ಹಿಡಿದು ಬೈಯುತ್ತಾನೆ. ಜವಾಬು ಇಲ್ಲ, ಮೇಳ ಇಲ್ಲ, ದಮ್ಮಡಿಯ ಸಪ್ಪಳವನ್ನೂ ತೆಗೆದು ಬೇರೇನೋ ಅಬ್ಬರದ ಹಾಡು ಜೋಡಿಸಿದ್ದಾರೆ. ಕೆಳಗೆ ‘ಮಸ್ಕಿಯ ಹುಲಿ’ ಎಂದು ಬರೆದಿದ್ದಾರೆ. ನೋಡಿದವರಿಗೆ ಇದು ಪಾತ್ರ ಎಂದು ಹೇಗೆ ತಿಳಿಯಬೇಕು? ರುಮಾಲು ತೆಗೆದು ಕೈಮುಗಿದಿದ್ದರೆ ಅದನ್ನೂ ಕತ್ತರಿಸುತ್ತಿದ್ದರೇನೋ. ಆದರೆ ಆ ದಿನ ಸಭೆಯಲ್ಲಿದ್ದ ನಮ್ಮವರಾದರೂ, ಇಲ್ಲ, ಅವನು ಮೊದಲು ಮಾಫಿ ಕೇಳಿದ, ನಾವು ಕಿವಿಯಾರೆ ಕೇಳಿದೆವು ಎಂದು ಹೇಳಬಹುದಾಗಿತ್ತು. ಅಷ್ಟೂ ಇಲ್ಲದಂತಾಯಿತು.

ರಂಜಾನ್ ತಿಂಗಳು. ಓಣಿಯಲ್ಲಿ ಹುಡುಗರು ಗುಂಪಾಗಿ ನಿಲ್ಲುತ್ತಾರೆ. ಪೊಲೀಸ್ ಜೀಪು ಮೂಲೆಯಲ್ಲಿ ನಿಲ್ಲುತ್ತದೆ. ಜಾಹೀದ್ ಇನ್ನು ಮೇಲೆ ಮಸ್ಕಿಗೆ ಬರುವುದಿಲ್ಲ. ಅವನ ನಂಬರು ಬದಲಾಯಿಸಿದ್ದೇನೆ. ದಯವಿಟ್ಟು ಅದನ್ನು ಯಾರಿಗಾದರೂ ಕೊಡೆಂದು ಕೇಳಬೇಡ.

ವಸೀಮಾ

*

ಲಿಂಗಸುಗೂರು
೩ ಏಪ್ರಿಲ್ ೨೦೨೫

ವಸೀಮಾ,

ರಂಜಾನ್ ಹಬ್ಬಕ್ಕೆ ನಾನು ಬರಲಿಲ್ಲ. ನೀನು ಕರೆಯಲೂ ಇಲ್ಲ. ಇಷ್ಟು ವರ್ಷದಲ್ಲಿ ಶೀರ್‌ಖುರ್ಮಾ ಇಲ್ಲದ ಮೊದಲ ಹಬ್ಬ. ಅದನ್ನು ದೂರಾಗಿ ಹೇಳುತ್ತಿಲ್ಲ. ಅಥವಾ ಹೇಳುತ್ತಿದ್ದೇನೆ.

ಮಾಫಿ ನುಡಿ ಬಿಡಿಸಿದವಳು ನಾನು. ಅದನ್ನು ಎಲ್ಲರ ಮುಂದೆ ಹೇಳಿದ್ದೇನೆ. ಪೊಲೀಸರಿಗೂ ಬರೆದುಕೊಟ್ಟೆ. ಅವರು ಓದಿ, “ಮೇಡಮ್ಮಾರ, ನೀವು ಓದಿದವರು, ಇಂಥಾ ಉಸಾಬರಿ ನಿಮಗ್ಯಾಕ?” ಎಂದರು. ಪಕೀರಪ್ಪ ಅಂದಿನಿಂದ ದಮ್ಮಡಿ ಮುಟ್ಟಿಲ್ಲ. “ನಾನೂ ಹೂಂ ಅಂದಿದ್ನಲ್ರೀ ಅಕ್ಕಾರ,” ಅನ್ನುತ್ತಾನೆ, ಅಷ್ಟೇ.

ಪವನನ ಕೆಲಸ ಹೋಯಿತು. ಅಂಗಡಿಯ ಮಾಲೀಕರು ನಿಮ್ಮವರು, ಒಳ್ಳೆಯವರು. ಹೆದರಿದರು. ಮರುದಿನವೇ ಆ ಬೈಕಿನವರು ಅವನ ಮನೆಗೆ ಬಂದು ಶಾಲು ಹೊದಿಸಿದರಂತೆ. ನಾನು ಹೋದಾಗ ಅವನ ತಾಯಿ ಮಾರೆಮ್ಮ ಬಾಗಿಲಲ್ಲೇ ಕೂತಿದ್ದಳು. ಅವನು ಒಳಗಿಂದ ಬಂದು ನಿಂತ. ಅದು ಪಾತ್ರವೆಂದು ನೀನೇ ಒಂದು ಮಾತು ವಿಡಿಯೋ ಮಾಡಿ ಹೇಳು ಎಂದೆ.

“ಯಾಕ ಹೇಳ್ಲಿ ಅಕ್ಕಾರ?” ಎಂದ. “ಎರಡು ವರ್ಷ ನಿಮ್ಮ ಮುಂದ ಹಾಡೀನಿ. ಯಾರರ ನನ್ನ ಹೆಸರ ಕೇಳಿದ್ರೇನ್ರಿ? ಈಗ ರಾಯಚೂರಿಂದ ಫೋನ್ ಮಾಡ್ತಾರ, ಅಣ್ಣಾ ಅಂತಾರ. ನನಗಿಂತ ದೊಡ್ಡವರು ನನಗ ಅಣ್ಣಾ ಅಂತಾರ.”

“ಅವರು ಕರೆಯುವುದು ನಿನ್ನನ್ನಲ್ಲ, ಆ ಸೇನಾಪತಿಯನ್ನು.”

“ಇರ್ಲಿ ಬಿಡ್ರಿ. ಪವನನ್ನ ಯಾರೂ ಕರೀಲಿಲ್ಲ.”

ನಾನು ಹೊರಟೆ. ಕಾಲೇಜಿನಲ್ಲಿ ಕಾವ್ಯ ಮನಸ್ಸನ್ನು ತಿಳಿಯಾಗಿಸುತ್ತದೆ ಎಂದು ಪಾಠ ಮಾಡುತ್ತೇನೆ. ಅವರ ಚಪ್ಪಾಳೆ ನಮ್ಮದಕ್ಕಿಂತ ದೊಡ್ಡದು ಎಂಬುದನ್ನು ಯಾವ ಪಾಠದಲ್ಲಿ ಸೇರಿಸಲಿ?

ಹಿಂದೆಯೇ ಓಣಿಯ ತನಕ ಬಂದ ಪವನ ಒಂದೇ ಮಾತು ಕೇಳಿದ: “ಜಾಹೀದ್ ಯಾಕ್ ಫೋನ್ ಎತ್ತವಲ್ಲ?” ನಿನ್ನ ಮೇಲೆ ಸಿಟ್ಟು ಬಂದದ್ದು ಆಗ. ಅವನನ್ನು ಈ ಕಡೆ ಹಿಡಿದಿಟ್ಟ ಹಗ್ಗ ಒಂದೇ ಇತ್ತು, ಅದು ಜಾಹೀದ್. ಅದನ್ನು ನೀನು ನಿನ್ನ ಮನೆಯೊಳಗೆ ಎಳೆದುಕೊಂಡು ಬಾಗಿಲು ಹಾಕಿದೆ. ಹೆದರಿಕೆ ನನಗೂ ಇದೆ, ವಸೀಮಾ.

ಯಶೋಧರಾ

*

ಸಿಂಧನೂರು
೨೧ ಮೇ ೨೦೨೫

ಯಶೋ,

ನಿನಗೆ ಹೆದರಿಕೆ ಇದೆ, ನಿಜ. ಆದರೆ ನಿನ್ನ ಹೆದರಿಕೆಗೂ ನನ್ನದಕ್ಕೂ ಪೊಲೀಸ್ ಜೀಪಿನಷ್ಟು ಅಂತರವಿದೆ. ಇದನ್ನು ಬರೆದು ಹರಿದು, ಮತ್ತೆ ಬರೆಯಲು ಇಷ್ಟು ದಿನ ಹಿಡಿಯಿತು.

ಆ ವಿಡಿಯೋ ತೆಗೆದದ್ದು ಜಾಹೀದನ ಫೋನಿನಲ್ಲಿ. ಮೇಳದ ದುರುಗೇಶನ ಕೈಗೆ ಫೋನು ಕೊಟ್ಟು, “ನನ್ನ ಬ್ಯಾಡ, ಪವನಂದು ತಗಿ, ಅವನ ಪದ ಛಲೋ ಬರ್ತೈತಿ,” ಎಂದಿದ್ದನಂತೆ. ರಾತ್ರಿ ಮನೆಗೆ ಬಂದು ಜಾಹೀದನೇ ಅದನ್ನು ಎಲ್ಲರಿಗೂ ಕಾಣುವಂತೆ ಫೋನಿನಲ್ಲಿ ಹಾಕಿದ. ‘ನನ್ನ ದೋಸ್ತನ ದನಿ ಕೇಳ್ರಿ’ ಎಂದು ಬರೆದು ಹಾಕಿದ. ಉಳಿದದ್ದನ್ನು ಬೇರೆಯವರು ಮಾಡಿದರು. ಇವನು ತನ್ನದನ್ನು ತೆಗೆದುಹಾಕುವ ಹೊತ್ತಿಗೆ ಅದು ಎಲ್ಲೆಲ್ಲಿಗೋ ಹೋಗಿತ್ತು.

ನನಗೆ ಗೊತ್ತಾದದ್ದು ಮೂರನೇ ದಿನ. ನಿನಗೆ ಬರೆಯಲಿಲ್ಲ. ಗೆಳೆಯನ ಮೇಲಿನ ಅಭಿಮಾನದಿಂದ ಹಾಕಿದೆ ಎಂದು ಜಾಹೀದ್ ಹೆಸರಿನ ಹುಡುಗ ಹೇಳಿದರೆ ಯಾವ ಠಾಣೆಯಲ್ಲಿ ನಂಬುತ್ತಾರೆ? ಗಲಾಟೆ ಎಬ್ಬಿಸಲೆಂದೇ ಹಾಕಿದ ಅನ್ನುತ್ತಾರೆ. ಓಣಿಯವರಿಗೆ ಹೇಳಿದರೆ, ಹುಸೇನರನ್ನು ಬೈದವನ ಹೆಸರು ಮೆರೆಸಿದವ ಅನ್ನುತ್ತಾರೆ. ಎರಡೂ ಕಡೆ ಅವನಿಗೆ ಜಾಗವಿಲ್ಲ. ಬೀಗ ಹಾಕದೆ ಏನು ಮಾಡಲಿ?

ಆ ಹೊಸಬರು ಈಗ ದಿನವೂ ಬರುತ್ತಾರೆ. “ನೋಡಿದ್ಯಾ, ನಿನ್ನ ದೋಸ್ತ ಎಂಥವನು,” ಅನ್ನುತ್ತಾರೆ. ಜಾಹೀದ್ ಅವರ ಹಿಂದೆ ಹೋಗುವುದಿಲ್ಲ, ಎದ್ದೂ ಹೋಗುವುದಿಲ್ಲ. ಅಮರಮ್ಮನೇ ಅವರನ್ನು ಓಡಿಸಿದಳು: “ಉಣ್ಣೂ ಹೊತ್ತಿನಾಗ ಏನ್ರಿ ನಿಮ್ಮ ಭಾಷಣ? ನಡೀರಿ!” ಬೈಕಿನವರು ಓಣಿಯ ಬಾಯಿಗೆ ಬಂದಾಗಲೂ ಅವಳೇ ಪೊರಕೆ ಹಿಡಿದು ನಿಂತಳು. ನಾನು ಪಾಠ ಹೇಳುವವಳು, ಒಳಗೆ ಕೂತಿದ್ದೆ.

ಪವನನಿಗೆ ಈ ಮಾತು ಮುಟ್ಟಿಸಬಹುದೇ? ತನ್ನನ್ನು ಸಿಕ್ಕಿಸಲೆಂದೇ ಜಾಹೀದ್ ಹಾಕಿದ ಎಂದು ಅವನಿಗೆ ಯಾರೋ ಹೇಳಿದ್ದಾರಂತೆ. ಇವನು ಅದೊಂದನ್ನೇ ಹಿಡಿದುಕೊಂಡು ಕೂತಿದ್ದಾನೆ. ಊಟ ಅರ್ಧಕ್ಕೆ ಬಿಡುತ್ತಾನೆ.

ವಸೀಮಾ

*

ಲಿಂಗಸುಗೂರು
೨೯ ಜೂನ್ ೨೦೨೫

ಪ್ರೀತಿಯ ವಸೀಮಾ,

ನಿನ್ನ ಕಾಗದ ಬಂದ ದಿನ ಏನೂ ಓದಲಾಗಲಿಲ್ಲ. ಏಪ್ರಿಲಿನಲ್ಲಿ ನಾನು ಬರೆದದ್ದನ್ನು ನೀನು ಹರಿದು ಹಾಕಿದ್ದರೆ ಒಳ್ಳೆಯದು.

ಮಸ್ಕಿಗೆ ಹೋದೆ. ಬಸ್ಸು ಹತ್ತುವುದಿಲ್ಲ ಎಂದಿದ್ದೆನಲ್ಲ, ಮತ್ತೆ ಹತ್ತಿದೆ. ಪವನ ಮೊದಲ ಎರಡು ಸಲ ಸಿಗಲಿಲ್ಲ. ಈಗ ಅವರ ಬ್ಯಾನರ್ ಕಟ್ಟುವುದು, ಜೀಪು ಓಡಿಸುವುದು ಅವನ ಕೆಲಸ. ಮೂರನೇ ಸಲ ಮಾರೆಮ್ಮ ಅವನನ್ನು ರೊಟ್ಟಿಯ ಮುಂದೆ ಕೂಡಿಸಿ, “ಅಕ್ಕಾರು ಹೇಳೂತನಕ ಏಳಬ್ಯಾಡ,” ಎಂದಳು.

ಎಲ್ಲ ಹೇಳಿದೆ. ಜಾಹೀದ್ ಹಾಕಿದ್ದು, ಯಾಕೆ ಹಾಕಿದ್ದು, ಕೆಳಗೆ ಏನು ಬರೆದಿದ್ದು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ದೋಸ್ತ ಅಂತ ಬರದಿದ್ನೇನ್ರಿ?” ಎಂದ. ಹೌದು ಎಂದೆ. ಅವನು ಎದ್ದು ಕೈ ತೊಳೆದು ಅಂಗಳಕ್ಕೆ ಹೋದ.

ಮೊಹರಮ್ ಕಡೆಯ ದಿನ ಬಳಗಾನೂರಿನಲ್ಲಿ ಮೇಳ ನಿಲ್ಲಿಸೋಣ ಎಂದು ಪಕೀರಪ್ಪ ಒಪ್ಪಿದ್ದಾನೆ. ಸ್ಟೇಜಿಲ್ಲ, ಮೈಕಿಲ್ಲ, ಫೋನು ಹೊರಗೆ ತೆಗೆಯುವಂತಿಲ್ಲ. ಮಾಫಿ ನುಡಿ ಪೂರ್ತಿ. ಪವನನನ್ನೂ ಕರೆದೆ. ಜಾಹೀದ್ ಬರುತ್ತಾನೆ ಎಂದೆ. ನಿನ್ನನ್ನು ಕೇಳದೆ ಹೇಳಿದೆ, ಬೈಯ್ಯಿ. ಅದೇ ದಿನ ಅವರ ಸಭೆಯೂ ಇದೆಯಂತೆ, ಜೀಪು ಇವನೇ ಒಯ್ಯಬೇಕಂತೆ. “ಎಲ್ಲಾರ ಮುಂದ ಒಮ್ಮಿಂದೊಮ್ಮೆ ಹೆಂಗ್ ಬರ್ಲಿ ಅಕ್ಕಾರ? ನೋಡೂನ್ರಿ,” ಎಂದ. ಈ ‘ನೋಡೂನ್ರಿ’ ಇಲ್ಲ ಎಂಬುದಕ್ಕೂ ಆಗುತ್ತದೆ, ಬರುತ್ತೇನೆ ಎಂಬುದಕ್ಕೂ.

ಈ ವಾರವೇ ನನಗೆ ಬೆನ್ನು ಹಿಡಿದುಕೊಂಡಿದೆ. ಡಾಕ್ಟರು ಬಸ್ಸು ಬೇಡವೆಂದಿದ್ದಾರೆ. ನೀನು ಜಾಹೀದನನ್ನು ಕರೆದುಕೊಂಡು ಹೋಗುತ್ತೀಯಾ? ಹೋಗಲೇಬೇಕು ಎನ್ನುವ ಹಕ್ಕು ನನಗಿಲ್ಲ. ಆದರೂ ಹೋಗು.

ನಿನ್ನ,
ಯಶೋಧರಾ

*

ಸಿಂಧನೂರು
೮ ಜುಲೈ ೨೦೨೫

ಪ್ರೀತಿಯ ಯಶೋ,

ಹೋದೆವು. ನಿನ್ನನ್ನು ಬೈದುಕೊಳ್ಳುತ್ತಲೇ ಹೋದೆ. ಭಾನುವಾರ ಬೆಳಗಿನ ಬಸ್ಸಿಗೆ ಜಾಹೀದ್ ನನಗಿಂತ ಮೊದಲು ತಯಾರಾಗಿದ್ದ. ಕಿಟಕಿಯ ಹತ್ತಿರ ಕೂತು ಬಾಯೊಳಗೇ ಪದ ಅನ್ನುತ್ತಿದ್ದ. ಫೆಬ್ರವರಿಯಿಂದ ಅವನ ಬಾಯಲ್ಲಿ ಪದ ಕೇಳಿರಲಿಲ್ಲ. ಕಾಲುವೆ ದಾಟುವಾಗ, “ಖಾಲಾ, ಅಂವ ಬಂದ್ರ ಮೊದಲ ನಾ ಮಾತಾಡ್ಸಲ್ಯಾ, ಅವನ ಮಾತಾಡ್ಸಲಿ ಅಂತ ಸುಮ್ಮನಿರ್ಲ್ಯಾ?” ಎಂದು ಕೇಳಿದ. ನೀನೇ ಮಾತಾಡಿಸು ಎಂದೆ.

ಪಕೀರಪ್ಪ ನಮಗಾಗಿ ತಡಮಾಡಿದ, ಆಮೇಲೆ ಪವನನಿಗಾಗಿ ತಡಮಾಡಿದ. ಜನ ಗುಜುಗುಜು ಮಾಡತೊಡಗಿದರು. ಕೊನೆಗೆ ಸೇನಾಪತಿಯ ಜಾಗಕ್ಕೆ ದುರುಗೇಶನನ್ನು ನಿಲ್ಲಿಸಿದ. ಅವನು ಮಾಫಿ ನುಡಿಯನ್ನು ಹೇಗೋ ಮುಗಿಸಿದ. ಯುದ್ಧದ ಪದಕ್ಕೆ ಬಂದಾಗ ಸಾಲು ಮರೆತು ಪಕೀರಪ್ಪನ ಮುಖ ನೋಡಿದ. “ಯಾಕೋ ಸೇನಾಪತಿ, ಕುದುರಿ ಮನ್ಯಾಗ ಬಿಟ್ಟು ಬಂದ್ಯೇನು?” ಎಂದು ಯಾರೋ ಮುದುಕಿ ಕೂಗಿದಳು. ಎಲ್ಲರೂ ನಕ್ಕರು. ಜಾಹೀದ್ ನಗಲಿಲ್ಲ. ಎದುರಿಗೆ ದುರುಗೇಶ ಇದ್ದರೂ ರಸ್ತೆಯ ಕಡೆ ನೋಡುತ್ತಲೇ ಜವಾಬು ಹಾಡಿದ. ಒಂದೊಂದು ಬೈಕು ಬಂದಾಗಲೂ ಅವನ ದನಿ ಒಂದಿಷ್ಟು ಇಳಿಯುತ್ತಿತ್ತು.

ಪವನ ಬರಲಿಲ್ಲ. ಸಭೆಗೇ ಹೋದ ಎಂದುಕೊಂಡೆವು. ಬಸ್ಸಿನಲ್ಲಿ ಜಾಹೀದ್, “ಹೋಗ್ಲಿ ಬಿಡು ಖಾಲಾ. ಅವರಂದಿದ್ದು ಖರೇ ಐತಿ. ದೋಸ್ತ ಅಂತ ನಾ ಒಬ್ಬನ ತಿಳ್ಕೊಂಡಿದ್ನಿ,” ಎಂದ. ‘ಅವರು’ ಯಾರೆಂದು ನಾನು ಕೇಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವನು ಮನೆಗೆ ಬರಲಿಲ್ಲ. ಆ ಹೊಸಬರು ಕೂಡುವ ಕಡೆಗೆ ನಡೆದ. ನಾನು ಕರೆದೆ, ತಿರುಗಿ ನೋಡಲಿಲ್ಲ.

ನಾನೊಬ್ಬಳೇ ಮನೆಗೆ ಬಂದೆ. ಬೀಗ ತೆಗೆಯುತ್ತಿದ್ದಾಗ ಅಮರಮ್ಮ ಕೈಯೊರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಮುಖದ ತುಂಬ ಗೆದ್ದ ಸಂತೋಷ.

“ಟೀಚರ್ರ, ಬಂದ್ರ್ಯಾ? ನೀವ್ ಅತ್ಲಾಗ ಹೋದ್ರಿ, ಇತ್ಲಾಗ ಅಂವ ಬಂದಿದ್ನ್ರಿ, ಆ ವಿಡಿಯೋದಾಗಿನ ಸೇನಾಪತಿ. ಒಬ್ಬನ ಬಂದಿದ್ದ. ಜಾಹೀದ್ ಅದಾನೇನ್ರಿ, ಅವನ ಕೂಡ ಬಳಗಾನೂರಿಗೆ ಹೋಗಬೇಕಾಗಿತ್ತು ಅಂದ. ಎಷ್ಟ್ ಧೈರ್ಯ ನೋಡ್ರಿ! ಅಂಥಾವರು ಇಲ್ಲಿಲ್ಲ, ಊರ ಬಿಟ್ಟ್ಯಾರ ಅಂತ ಹೇಳೀನಿ. ಆದ್ರೂ ನಿಮ್ಮ ಕಟ್ಟಿ ಮ್ಯಾಲ ಬಾಳೊತ್ತು ಕುಂತಿದ್ದ. ಕುಡಿಯಾಕ ನೀರ ಕೇಳಿದ. ಒಂದ್ ತಂಬಿಗಿ ನೀರೂ ಕೊಡ್ಲಿಲ್ರಿ ನಾ, ಬೈದು ಎಬ್ಬಿಸೀನಿ. ನೀವೇನೂ ಹೆದರಬ್ಯಾಡ್ರಿ, ಇನ್ನೊಮ್ಮೆ ಈ ಕಡೆ ಬರಂಗಿಲ್ಲ ಅಂವ.”